ಹೆಸರು ಕೆರೆಯುವ ಕೆಲಸ

ಜೋಗೇಶ್ವರಿ ಸ್ಟೇಶನ್ನಿನ ಪೂರ್ವಕ್ಕೆ, ತಗಡಿನ ಛಾವಣಿಯ ಸಣ್ಣ ಸಣ್ಣ ಕಾರ್ಖಾನೆಗಳ ಸಾಲಿನಲ್ಲಿ ಸದಾನಂದನ ಬೈಂಡಿಂಗ್ ಅಂಗಡಿ ಇತ್ತು. ಒಂದು ಮಗ್ಗುಲಿಗೆ ಬೋಲ್ಟು ಕಡೆಯುವವರು, ಇನ್ನೊಂದು ಮಗ್ಗುಲಿಗೆ ಪ್ಲಾಸ್ಟಿಕ್ ಬಳೆ ಮಾಡುವವರು. ಆ ಗದ್ದಲದ ನಡುವೆ ಕಿಟಕಿಯ ಕೆಳಗೊಂದು ಹಲಗೆ ಹಾಕಿಕೊಂಡು ಸೋಮವ್ವ ಹನ್ನೊಂದು ವರ್ಷ ಕಾಗದ ಮಡಿಸಿದಳು, ಹೊಲಿದಳು, ಅಂಟಿಸಿದಳು.

ಸೋಮವ್ವ ಇಂಡಿ ಕಡೆಯವಳು. ಗಂಡ ಬಂಡೆಪ್ಪ ರಸ್ತೆಗೆ ಜಲ್ಲಿ ಹಾಕುವವರ ಗುಂಪಿನ ಜೊತೆ ಮುಂಬೈಗೆ ಬಂದವನು. ರೋಲರಿನ ಗಾಲಿಗೆ ಪಾದ ಸಿಕ್ಕಿ ಕುಂಟನಾದ ಮೇಲೆ ಗೋರೆಗಾಂವಿನ ಒಂದು ಕಾಲನಿಯಲ್ಲಿ ವಾಚ್‌ಮನ್ ಆದ. ಸೋಮವ್ವ ಊರಲ್ಲಿ ಎರಡನೇ ಇಯತ್ತೆವರೆಗೆ ಓದಿದ್ದಳು. ಕನ್ನಡ ಅಕ್ಷರ ಕೂಡಿಸಿ ಕೂಡಿಸಿ ಓದುತ್ತಿದ್ದಳು, ಇಂಗ್ಲಿಷಿನಲ್ಲಿ ಅಂಕಿ ಮಾತ್ರ ಗೊತ್ತಿತ್ತು. ಆದರೆ ಕಾಗದ ಓದುವುದರಲ್ಲಿ ಅವಳನ್ನು ಮೀರಿಸುವವರು ಆ ಸಾಲಿನಲ್ಲಿ ಇರಲಿಲ್ಲ. ಮೂಗಿನ ಹತ್ತಿರ ಹಿಡಿದು ಇದು ಬಿದಿರಿನದು, ಇದು ಚಿಂದಿಯದು, ಇದು ಮಳೆಯಲ್ಲಿ ನೆನೆದು ಒಣಗಿದ್ದು ಅಂತ ಹೇಳುತ್ತಿದ್ದಳು. ಒಮ್ಮೆ ಒಂದು ಶಾಲೆಯ ಹಳೆಯ ಹಾಜರಿ ಪುಸ್ತಕಗಳಿಗೆ ಗೆದ್ದಲು ಹಿಡಿದಾಗ, ಗಾಳಿಪಟದ ತೆಳು ಕಾಗದ ಮತ್ತು ಮೈಲುತುತ್ತ ಬೆರೆಸಿದ ಮೈದಾ ಅಂಟಿನಿಂದ ಅಷ್ಟನ್ನೂ ಉಳಿಸಿ ಕೊಟ್ಟಿದ್ದಳು. ಆವತ್ತಿನಿಂದ ಸದಾನಂದ ಕೆಟ್ಟುಹೋದದ್ದನ್ನೆಲ್ಲ ಅವಳ ಹಲಗೆಗೇ ತಂದಿಡುತ್ತಿದ್ದ.

ಎಪ್ಪತ್ತೆರಡರ ಮಳೆಗಾಲ ಮುಗಿಯುವ ಹೊತ್ತಿಗೆ ದೂಜ ಬಂದ. ಫೋರ್ಟ್ ಕಡೆಯ ಫುಟ್‌ಪಾತಿನಲ್ಲಿ ಹಳೇ ಪುಸ್ತಕ ಹರಡಿಕೊಂಡು ಕೂರುವವನು. ಸದಾನಂದನ ಹಾಗೆ ಕರಾವಳಿ ಕಡೆಯವನೇ, ಐವತ್ತರ ಆಸುಪಾಸು, ಬಿಳಿ ಅಂಗಿ, ಮೆದು ಮಾತು. ಚೀಲದಿಂದ ಐದು ತೆಳು ಪುಸ್ತಕ ತೆಗೆದು ಹಲಗೆಯ ಮೇಲೆ ಒಂದೊಂದಾಗಿ ಇಟ್ಟ. ಬಣ್ಣಬಣ್ಣದ ಚಿತ್ರದ ಪುಸ್ತಕಗಳು. ರಟ್ಟಿನ ಮೇಲೆ ಮುಖವಾಡದ ಗಂಡಸರು, ಉರಿಯುವ ವಿಮಾನ, ಕಿರುಚುವ ಹೆಂಗಸು.

"ಯುದ್ಧದ ಕಾಲದಲ್ಲಿ ಅಮೆರಿಕದ ಸೋಜರರು ಬಂದರಿನಲ್ಲಿ ಬಿಟ್ಟುಹೋದ ಕಾಮಿಕ್ಸ್ ಸೋಮಕ್ಕ," ಅಂದ ದೂಜ. "ಈಗ ಅದೇ ಅಮೆರಿಕದವರು ಇದನ್ನು ಹುಡುಕ್ತಾರೆ. ಜುಹುದಲ್ಲಿ ವಿಮಾನ ಕಂಪನಿಯ ಒಬ್ಬ ಸಾಹೇಬ ಇದ್ದಾರೆ, ಅವರ ಮೂಲಕ ಹೋಗ್ತದೆ. ಆದರೆ ಹೊಸದರ ಹಾಗೆ ಇರಬೇಕು. ತೇಪೆ ಹಾಕಿದ್ದು ಕಾಣಬಾರದು."

"ತೇಪಿ ಕಾಣಲಿಲ್ಲಂದ್ರ ಅದು ಕಳ್ಳ ಕೆಲಸ ಆಗ್ತೈತಲ್ರೀ ಅಣ್ಣಾರ," ಅಂದಳು ಸೋಮವ್ವ, ನಗುತ್ತಲೇ. ಅವಳ ಅವ್ವ ಕೌದಿ ಹೊಲಿಯುವಾಗ ತೇಪೆಗಳನ್ನು ಮುಚ್ಚುತ್ತಿರಲಿಲ್ಲ. ಇದು ಅಜ್ಜಿಯ ಸೀರಿ, ಇದು ನಿಮ್ಮಪ್ಪನ ತಲಿಯ ಪಟಗ ಅಂತ ಬೆರಳಿಟ್ಟು ತೋರಿಸುತ್ತಿದ್ದಳು.

ದೂಜನೂ ನಕ್ಕ. ಮೊದಲ ಪುಟ ತೆರೆದು, ಮೂಲೆಯಲ್ಲಿದ್ದ ನೇರಳೆ ಬಣ್ಣದ ರಬ್ಬರ್ ಸ್ಟಾಂಪು ಮತ್ತು ಅದರ ಕೆಳಗಿನ ಸಹಿಯ ಮೇಲೆ ಬೆರಳಿಟ್ಟ. "ಮತ್ತೆ ಇದು ಬೇಡ. ಪೂರ್ತಿ ಹೋಗಬೇಕು."

"ಯಾರದ್ರೀ ಹೆಸರು?"

"ಸತ್ತವರದ್ದು. ಮನೆಯವರು ರದ್ದಿಗೆ ಹಾಕಿದ್ರು."

ಹೀಗೆ ಶುರುವಾಯಿತು. ತುಕ್ಕು ಹಿಡಿದ ಪಿನ್ನು ತೆಗೆದು ಅದೇ ತೂತಿಗೆ ಹಳೆಯ ಪಿನ್ನನ್ನೇ ಹುಡುಕಿ ಹಾಕುವುದು, ಹರಿದ ಬೆನ್ನಿಗೆ ಒಳಗಿನಿಂದ ತೆಳು ಕಾಗದ ಕೊಡುವುದು, ಹೊಸ ಕಾಗದವನ್ನು ಚಹಾದ ನೀರಲ್ಲಿ ಅದ್ದಿ ಮುಪ್ಪು ತರಿಸುವುದು, ಬಣ್ಣ ಹಾರಿದ ಕಡೆ ಇಲಿಬಾಲದಂಥ ಕುಂಚದಿಂದ ಕೆಂಪು ಮುಟ್ಟಿಸುವುದು. ಸೋಮವ್ವನಿಗೆ ಈ ಕೆಲಸ ಹಿಡಿಸಿತು. ರಿಜಿಸ್ಟರಿನಂತೆ ಇದು ಒಂದೇ ಸಮ ಅಲ್ಲ. ಪ್ರತಿಯೊಂದಕ್ಕೂ ಬೇರೆ ರೋಗ, ಬೇರೆ ಮದ್ದು. ಕಡೆಯಲ್ಲಿ ಹೆಸರು. ಬ್ಲೇಡಿನ ತುದಿಯಿಂದ ಕೆರೆದು, ಔಷಧದ ನೀರು ಹನಿಸಿ, ಶಂಖದ ಚಿಪ್ಪಿನಿಂದ ಉಜ್ಜಿ ನುಣುಪು ಮಾಡಬೇಕು. ಮೂವತ್ತು ಸಲ ಕೆರೆದ ಮೇಲೆ ಆ ಸಹಿ ಓದಲು ಬಾರದಿದ್ದರೂ ಅವಳಿಗೆ ಬಾಯಿಪಾಠವಾಯಿತು: ಡೇರೆಯಂಥ ಮೊದಲ ಅಕ್ಷರ, ನಡುವೆ ಎರಡು ಕುಣಿಕೆ, ಕೊನೆಗೆ ಬಾಲ ಎಳೆದು ಕೆಳಗೊಂದು ಗೆರೆ.

ಆ ಚಳಿಗಾಲದಲ್ಲಿ ದೂಜ ಇನ್ನೊಂದು ಕೆಲಸ ಕೊಟ್ಟ. ಹಳೇ ನ್ಯೂಸ್‌ಪೇಪರನ್ನು ಕಾಮಿಕ್ಸಿನ ಅಳತೆಗೇ ಕತ್ತರಿಸಿ, ಅಷ್ಟೇ ಪುಟ ಸೇರಿಸಿ, ನುಣುಪಾದ ಒಂದು ರಟ್ಟು ಹಾಕಿ ಪಿನ್ನು ಹೊಡೆಯಬೇಕು. ಎಷ್ಟು ಕಾಮಿಕ್ಸ್ ತಂದಿದ್ದನೋ ಅಷ್ಟು.

"ಇದ್ಯಾಕ್ರೀ?" ಕೇಳಿದಳು.

"ಕಪಾಟಿನಲ್ಲಿ ಜಾಗ ಹಿಡಿಯೋದಕ್ಕೆ."

ಮೊದಲನೆಯದನ್ನು ಮಾಡಿ ಕೊಟ್ಟಾಗ ದೂಜ ಕಣ್ಣು ಮುಚ್ಚಿದ. ಪುಸ್ತಕವನ್ನು ಎರಡು ಅಂಗೈಗಳ ನಡುವೆ ಇಟ್ಟುಕೊಂಡು ತೂಗಿದ. ಹೆಬ್ಬೆರಳಿನಿಂದ ಅಂಚನ್ನು ಸವರಿದ, ಬೆನ್ನನ್ನು ಸವರಿದ, ಪುಟಗಳನ್ನು ಸರ್ರನೆ ಬಿಟ್ಟು ಸದ್ದು ಕೇಳಿದ. ತುಸು ಹೊತ್ತು ಹಾಗೇ ಕಣ್ಣು ಮುಚ್ಚಿ ನಿಂತು, "ರಟ್ಟು ಇನ್ನೂ ಸ್ವಲ್ಪ ಮೆತ್ತಗೆ ಇರಲಿ ಸೋಮಕ್ಕ," ಅಂದ.

ಸೋಮವ್ವನಿಗೆ ಅದು ವಿಚಿತ್ರ ಅನ್ನಿಸಿತು, ಅಷ್ಟೇ. ಸಂಜೆ ಬಂಡೆಪ್ಪನಿಗೆ ಹೇಳಿ ದೂಜನಂತೆ ಕಣ್ಣು ಮುಚ್ಚಿ ತೋರಿಸಿ ಇಬ್ಬರೂ ನಕ್ಕರು.

ಮೊದಮೊದಲು ಬಂದ ಪುಸ್ತಕಗಳಿಗೆ ಹುಳ ಹಿಡಿದಿತ್ತು. ಬರಬರುತ್ತ ಚೊಕ್ಕಟವಾದವು ಬಂದವು. ಬೇವಿನ ಎಲೆಯ ವಾಸನೆ, ಯಾರೋ ಬಿಸಿಲಿಗಿಟ್ಟು ಒರೆಸಿ ಕಾಪಾಡಿದ ಕಾಗದ. ರದ್ದಿಗೆ ಹಾಕಿದ ಮಾಲು ಹೀಗಿರುವುದಿಲ್ಲ ಅಂತ ಅವಳ ಮೂಗು ಹೇಳಿತು. ಎಪ್ಪತ್ತಮೂರರ ಮಾರ್ಚ್ ಮೂರನೇ ವಾರ ಒಂದು ಪುಸ್ತಕದ ಹಿಂದಿನ ರಟ್ಟಿಗೆ ಕೊನೆಯ ಪುಟದ ಅಂಚು ಜೇಬಿನ ಹಾಗೆ ಅಂಟಿಕೊಂಡಿತ್ತು, ಮೇಲಿನ ಬದಿ ಮಾತ್ರ ತೆರೆದಿತ್ತು. ಹಬೆ ಕೊಟ್ಟು ಬಿಡಿಸಿದಾಗ ನಡುವಿನಿಂದ ಒಂದು ಉದ್ದನೆಯ ಚೀಟಿ ಜಾರಿತು.

ಚೀಟಿಯ ತುಂಬ ಸಾಲು ಸಾಲು ತಾರೀಖು, ಪ್ರತಿ ತಾರೀಖಿನ ಮುಂದೆ ಎರಡು ಮೂರು ಇಂಗ್ಲಿಷ್ ಶಬ್ದ. ಮೇಲಿನ ಸಾಲು ೧೯೫೮ರದು. ಅಕ್ಷರ ಇರುವೆ ಸಾಲಿನ ಹಾಗೆ ಸಣ್ಣ, ನೇರ. ಕೆಳಗೆ ಬಂದಂತೆ ಅಕ್ಷರ ದೊಡ್ಡದಾಗಿತ್ತು. ಇನ್ನೂ ಕೆಳಗೆ ಸಾಲು ಸೊಟ್ಟಗಾಗಿ ಕಾಗದದ ಅಂಚು ದಾಟಿ ಹೋಗಿತ್ತು. ಕೊನೆಯ ಕೆಲವು ಸಾಲು ಒಂದರ ಮೇಲೊಂದು ಬಿದ್ದು ಗೋಜಲಾಗಿದ್ದವು. ಆದರೂ ತೀರ ಕೆಳಗಿನ ತಾರೀಖನ್ನು ಸೋಮವ್ವ ಬೆಳಕಿಗೆ ಹಿಡಿದು ಓದಿದಳು. ನಾಲ್ಕು, ಮೂರು, ಎಪ್ಪತ್ತಮೂರು.

ಮೂರು ವಾರವೂ ಆಗಿರಲಿಲ್ಲ.

ಅವಳು ಸುತ್ತ ನೋಡಿದಳು. ಸದಾನಂದ ಕಟಿಂಗ್ ಮಷಿನ್ನಿಗೆ ಎಣ್ಣೆ ಬಿಡುತ್ತಿದ್ದ. ಚೀಟಿಯನ್ನು ಕುಪ್ಪಸದೊಳಗೆ ಸೇರಿಸಿ, ಬ್ಲೇಡು ಎತ್ತಿಕೊಂಡು ಮೊದಲ ಪುಟ ತೆರೆದಳು. ಡೇರೆ, ಎರಡು ಕುಣಿಕೆ, ಬಾಲ. ಕೈ ಓಡಲಿಲ್ಲ.

"ಮಾಲಕ್ರ," ಕರೆದಳು. "ಈ ಪುಸ್ತಕದ ಮನಷ್ಯಾ ಖರೇನ ಸತ್ತಾನೇನ್ರಿ?"

ಸದಾನಂದ ತಲೆ ಎತ್ತಲಿಲ್ಲ. "ನಮಗೆ ಎಂತಕ್ಕೆ ಅದು? ಬೈಂಡಿಂಗ್ ನಮ್ಮದು, ಪುಸ್ತಕ ಅವನದ್ದು. ಕೇಳ್ಬೇಡ ಸೋಮವ್ವ. ದೂಜ ಒಳ್ಳೆಯವನು, ಆದರೆ ಪ್ರಶ್ನೆ ಕೇಳಿದ್ರೆ ಅವನಿಗೆ ಆಗುವುದಿಲ್ಲ."

ಸೋಮವ್ವ ಬ್ಲೇಡು ಕೆಳಗಿಟ್ಟು, ಸಂಜೆ ಆ ಪುಸ್ತಕವನ್ನು ಸೆರಗಿನಲ್ಲಿ ಮುಚ್ಚಿಕೊಂಡು ಮನೆಗೆ ಒಯ್ದಳು.

ಅವರಿದ್ದ ಚಾಳಿನ ಸಾಲುಮನೆಗಳಲ್ಲಿ ವಿನೋದಿನಿ ಅಂತ ಒಬ್ಬಳಿದ್ದಳು, ಉಡುಪಿ ಕಡೆಯ ಹೋಟೆಲಿನವರ ಮಗಳು, ಟೆಲಿಫೋನ್ ಆಫೀಸಿನಲ್ಲಿ ಕೆಲಸ. ಅವಳು ಚೀಟಿಯನ್ನೂ ಸ್ಟಾಂಪನ್ನೂ ಓದಿ ಹೇಳಿದಳು. "ಆಂಬ್ರೋಸ್ ಕಿನ್ನಿ ಅಂತ ಹೆಸರು. ಬೊರಿವಲಿ ಅಡ್ರೆಸ್ ಉಂಟು. ಆಗಾಗ ಪುಸ್ತಕ ಹೇಗಿದೆ ಅಂತ ಬರೆದಿದ್ದಾನೆ. ಬಿಸಿಲಿಗೆ ಇಟ್ಟೆ, ಪಿನ್ ಸರಿ ಇದೆ, ಹುಳ ಇಲ್ಲ. ಕೊನೆಗೆ, ಸೋಮಕ್ಕ, ಓದಲಿಕ್ಕೆ ಆಗ್ತಾ ಇಲ್ಲ. ಕಣ್ಣು ಕಾಣದವರು ಬರೆದ ಹಾಗೆ ಉಂಟು."

ಆಗ ಸೋಮವ್ವನಿಗೆ ದೂಜ ಕಣ್ಣು ಮುಚ್ಚಿ ಪುಸ್ತಕ ಸವರಿದ್ದು ಯಾಕೆ ಅಂತ ತಿಳಿಯಿತು.

ಮುಂದಿನ ರವಿವಾರ ಪುಸ್ತಕ ಮತ್ತು ಚೀಟಿ ಸೆರಗಿನಲ್ಲಿ ಸುತ್ತಿಕೊಂಡು ಬೊರಿವಲಿ ಲೋಕಲ್ ಹತ್ತಿದಳು. ಬಂಡೆಪ್ಪನಿಗೆ ಡ್ಯೂಟಿ ಇತ್ತು. ಸ್ಟೇಶನ್ನಿಂದ ಪಶ್ಚಿಮಕ್ಕೆ ಕೇಳುತ್ತ ಕೇಳುತ್ತ ನಡೆದು, ಉಪ್ಪಿನ ಗಾಳಿ ಬೀಸುವ ಕಡೆ, ಹಳೇ ಹೆಂಚಿನ ಮನೆಯೊಂದನ್ನು ಕಂಡಳು. ಅಂಗಳದಲ್ಲಿ ಬಾವಿ, ಬಾವಿಗೆ ಎದೆಯೆತ್ತರದ ಕಟ್ಟೆ. ಜಗಲಿಯ ಮೇಲೆ ತೆಳ್ಳನೆಯ ಮನುಷ್ಯನೊಬ್ಬ ತೆರೆದ ಟ್ರಂಕಿನ ಮುಂದೆ ಕುರ್ಚಿ ಹಾಕಿ ಕೂತಿದ್ದ. ತೊಡೆಯ ಮೇಲೆ ಪುಸ್ತಕ. ಕಣ್ಣಿನಲ್ಲಿ ಹಾಲು ಸುರಿದಂತೆ ಬಿಳುಪು.

ಸೋಮವ್ವ ಮೆಟ್ಟಿಲ ಮೇಲೆ ನಿಂತು ಟ್ರಂಕಿನೊಳಗೆ ನೋಡಿದಳು. ಮೇಲಿನಿಂದ ಅರ್ಧದವರೆಗೆ ಅವಳೇ ಕತ್ತರಿಸಿದ ನ್ಯೂಸ್‌ಪೇಪರು. ಅವಳೇ ಮೆತ್ತಗೆ ಮಾಡಿದ ರಟ್ಟು.

"ಯಾರು?" ಅವನು ಹಿಂದಿಯಲ್ಲಿ ಕೇಳಿದ.

ಅವಳು ತನ್ನ ಮುಂಬೈ ಹಿಂದಿಯಲ್ಲಿ, ತಡವರಿಸುತ್ತ, ಜೋಗೇಶ್ವರಿಯಿಂದ ಬಂದೆ, ಬೈಂಡಿಂಗ್ ಕೆಲಸದವಳು ಅಂದಳು. ಪುಸ್ತಕವನ್ನು ಅವನ ಕೈಗಿಟ್ಟಳು. ಅವನು ಅದನ್ನು ಸವರಿದ. ಬೆರಳು ಬೆನ್ನಿನ ಮೇಲೆ ಇಳಿದು ಒಂದು ಕಡೆ ನಿಂತಿತು.

"ಇಲ್ಲಿ ಹರಿದಿರಲಿಲ್ಲ, ಬರೇ ಬಿರುಕು ಬಿಟ್ಟಿತ್ತು. ಯಾರು ಅಂಟು ಹಾಕಿದ್ದು?"

"ನಾನು."

"ಚೆನ್ನಾಗಿ ಹಾಕಿದ್ದೀರಿ," ಅಂದ. ಮೊದಲ ಪುಟದ ಮೂಲೆಯನ್ನು ಸವರಿ, "ಹೆಸರು?"

"ಇದರಲ್ಲಿ ಇನ್ನೂ ಇದೆ. ಮಿಕ್ಕವುಗಳಲ್ಲಿ ಇಲ್ಲ. ನಾನೇ ಕೆರೆದೆ." ಅವಳು ಟ್ರಂಕಿನ ಕಡೆ ತಿರುಗಿದಳು. "ಸಾಹೇಬರೆ, ಈ ಪೆಟ್ಟಿಗೆಯಲ್ಲಿ ಅರ್ಧ ನಿಮ್ಮ ಪುಸ್ತಕ ಅಲ್ಲ."

"ಗೊತ್ತು."

ಅವನು ಅದನ್ನು ಎಷ್ಟು ಸಾವಧಾನವಾಗಿ ಹೇಳಿದನೆಂದರೆ ಸೋಮವ್ವ ಮೆಟ್ಟಿಲ ಮೇಲೆ ಕೂತುಬಿಟ್ಟಳು. ಆಂಬ್ರೋಸ್ ಹೇಳಿದ: ಯುದ್ಧದ ಕಾಲದಲ್ಲಿ ಅವನು ಬಂದರಿನಲ್ಲಿ ಕಾರಕೂನ, ದೂಜ ಅಲ್ಲೇ ಹಮಾಲ. ಸೋಜರರು ಓದಿ ಬಿಸಾಡಿದ್ದನ್ನು ದೂಜನೇ ಆಯ್ದು ತಂದುಕೊಡುತ್ತಿದ್ದ. ತನ್ನ ಕಣ್ಣು ಹೋಗುತ್ತ ಬಂದ ಮೇಲೆ ದೂಜನೇ ಪ್ರತಿ ತಿಂಗಳ ಮೊದಲ ರವಿವಾರ ಬಂದು ಪುಸ್ತಕ ಬಿಸಿಲಿಗೆ ಹಾಕಿ ಕೊಡುತ್ತಾನೆ, ಅಡುಗೆಯ ಸಾಮಾನು ತರುತ್ತಾನೆ.

"ನ್ಯೂಸ್‌ಪೇಪರಿನ ಮಸಿಗೆ ಬೇರೆ ವಾಸನೆ. ಎರಡನೆಯದಕ್ಕೇ ತಿಳಿಯಿತು. ಚರ್ಚಿನ ಪಾದ್ರಿಗಳಿಗೆ ಹೇಳಿದೆ. ಅವರು ಅವನನ್ನು ಕರೆದು ಕೇಳಿದರು. ಅವನು ಅವರ ಮುಂದೆ ಅತ್ತನಂತೆ. ಕಣ್ಣಿನ ಜೊತೆ ನನ್ನ ಬುದ್ಧಿಯೂ ಮಂಕಾಗಿದೆ ಅಂದನಂತೆ. ಈಗ ಎಲ್ಲರೂ ನನ್ನ ಜೊತೆ ಜೋರಾಗಿ, ನಿಧಾನವಾಗಿ ಮಾತಾಡುತ್ತಾರೆ."

"ಪುಸ್ತಕ ಹೋದರೆ ಹೋಯಿತು. ನೀವು ಹುಷಾರಾಗಿರಿ," ಅಂದಳು ಸೋಮವ್ವ.

"ಹೋದ ತಿಂಗಳು ಒಂದು ಕಾಗದದ ಮೇಲೆ ಸಹಿ ಹಾಕಿಸಿಕೊಂಡ. ಆಸ್ಪತ್ರೆಯದು ಅಂದ. ದಪ್ಪ ಕಾಗದ, ಮೇಲೆ ಉಬ್ಬಿದ ಮುದ್ರೆ ಇತ್ತು. ಆಸ್ಪತ್ರೆಯವರು ಅಂಥ ಕಾಗದ ಕೊಡುತ್ತಾರಾ? ಕಾಗದದ ಕೆಲಸದವರು ನೀವು, ಹೇಳಿ."

ಸೋಮವ್ವನಿಗೆ ಉತ್ತರ ಗೊತ್ತಿತ್ತು. ಮನೆ-ಜಾಗದ ಕರಾರಿಗೆ ಹಿಡಿಯುವ ಸ್ಟಾಂಪ್ ಪೇಪರು ಅದು. "ಇಲ್ಲ," ಅಂದಳು. "ನನ್ನ ಜೊತೆ ಬನ್ನಿ. ನಮ್ಮ ಖೋಲಿ ಸಣ್ಣದು, ಆದರೂ ಬನ್ನಿ."

ಅವನು ತಲೆಯಾಡಿಸಿದ. ಈ ಅಂಗಳದಲ್ಲಿ ಎಷ್ಟು ಹೆಜ್ಜೆಗೆ ಬಾವಿ, ಎಷ್ಟು ಹೆಜ್ಜೆಗೆ ಗೇಟು ಗೊತ್ತಿದೆ. ಬೇರೆ ಕಡೆ ತಾನು ನಿಜವಾಗಿ ಕುರುಡನಾಗುತ್ತೇನೆ ಅಂದ. ಪುಸ್ತಕವನ್ನು ತಿರುಗಿ ಅವಳ ಕೈಗೆ ಕೊಟ್ಟ. ಅದು ಇಲ್ಲಿದ್ದರೆ ನೀವು ಬಂದದ್ದು ಅವನಿಗೆ ತಿಳಿಯುತ್ತದೆ, ತೆಗೆದುಕೊಂಡು ಹೋಗಿ ಅಂದ. "ಒಂದು ಮಾಡಿ. ಇನ್ನು ಮೇಲೆ ಹೆಸರು ಕೆರೆಯಬೇಡಿ. ಮುಚ್ಚಿ. ಒಳಗೆ ಇರಲಿ."

ಹಾಗೇ ಮಾಡಿದಳು. ಅಂದಿನಿಂದ ಸ್ಟಾಂಪಿನ ಮೇಲೆ ಚಹಾ ಬಣ್ಣದ ತೆಳು ಕಾಗದ ಹಾಸಿ, ಅಂಚುಗಳನ್ನು ಉಜ್ಜಿ ಮಾಯಮಾಡಿದಳು. ಕಣ್ಣಿಗೆ ಖಾಲಿ ಪುಟ. ಬೆಳಕಿಗೆ ಹಿಡಿದರೆ ಮಾತ್ರ ನೇರಳೆ ನೆರಳು. ಏಪ್ರಿಲ್, ಮೇ, ಜೂನ್. ಹತ್ತೊಂಬತ್ತು ಪುಸ್ತಕ. ದೂಜ ಬಂದಾಗಲೆಲ್ಲ ಪ್ರತಿಯೊಂದನ್ನೂ ತಿರುವಿ ನೋಡಿ, "ನಿಮ್ಮ ಕೈಗೆ ಬಂಗಾರದ ಬಳೆ ಹಾಕಬೇಕು ಸೋಮಕ್ಕ," ಅನ್ನುತ್ತಿದ್ದ. ಅವಳು ತಲೆ ಬಗ್ಗಿಸಿ ಅಂಟು ಕಲಸುತ್ತಿದ್ದಳು. ಬಂಡೆಪ್ಪ ಪೊಲೀಸರ ಹತ್ತಿರ ಹೋಗೋಣ ಅಂದ. ಏನಂತ ಹೇಳುವುದು? ಪುಸ್ತಕ ಕಳಕೊಂಡವನು ದೂರು ಕೊಡಲಿಲ್ಲ, ಕೆರೆದವಳು ತಾನು. ನಾಳೆ ಹೋಗೋಣ, ಬರುವ ವಾರ ಹೋಗೋಣ ಅನ್ನುತ್ತ ಮಳೆ ಹಿಡಿಯಿತು.

ಜುಲೈ ಮೊದಲ ವಾರ ದೂಜ ಕೊನೆಯ ಆರು ಪುಸ್ತಕ ತಂದ. ಸೋಮವ್ವ ವಾಡಿಕೆಯಂತೆ ನ್ಯೂಸ್‌ಪೇಪರಿನ ಕಟ್ಟು ಎಳೆದುಕೊಂಡು ಅಳತೆ ಹಿಡಿದಳು.

"ಅದು ಬೇಡ ಸೋಮಕ್ಕ," ಅಂದ ದೂಜ, ಕೊಡೆಯ ನೀರು ಝಾಡಿಸುತ್ತ. "ಇನ್ನು ಅದರ ಅಗತ್ಯ ಇಲ್ಲ."

ಅವನು ಹೋಗುವವರೆಗೆ ಅವಳು ಕತ್ತರಿ ಕೆಳಗಿಡಲಿಲ್ಲ. ಆಮೇಲೆ ಸದಾನಂದನಿಗೆ ಹೊಟ್ಟೆನೋವು ಅಂತ ಹೇಳಿ ಸ್ಟೇಶನ್ನಿಗೆ ಓಡಿದಳು.

ಬೊರಿವಲಿಯ ಮನೆಯ ಬಾಗಿಲಿಗೆ ಹೊಸ ಬೀಗ ಇತ್ತು. ಬೀಗಕ್ಕಿನ್ನೂ ಅಂಗಡಿಯ ಗ್ರೀಸು ಹತ್ತಿಕೊಂಡಿತ್ತು. ಜಗಲಿಯಲ್ಲಿ ಟ್ರಂಕು ಇರಲಿಲ್ಲ. ಬಾವಿಯ ಬಾಯಿಗೆ ಹಲಗೆಗಳನ್ನು ಅಡ್ಡ ಹಾಕಿದ್ದರು. ಪಕ್ಕದ ಮನೆಯ ಮೀನು ಮಾರುವ ಇಂದ್ರಾಬಾಯಿ ಬೇಲಿಯಾಚೆಯಿಂದ ಇವಳನ್ನು ನೋಡಿ ಹತ್ತಿರ ಬಂದಳು.

"ರವಿವಾರ ಬಿದ್ದ," ಮರಾಠಿಯಲ್ಲಿ ಹೇಳಿದಳು. "ಮಳೆಗೆ ಪಾಚಿ ಕಟ್ಟಿತ್ತು, ಕಾಲು ಜಾರಿರಬೇಕು ಅಂತಾರೆ. ಅವನ ಗೆಳೆಯನೇ ಬಂದು ಎಲ್ಲಾ ಮಾಡಿದ. ಬಹಳ ಅತ್ತ."

ಸೋಮವ್ವ ಬಾವಿಯ ಕಟ್ಟೆಯ ಹತ್ತಿರ ಹೋಗಿ ನಿಂತಳು. ಕಟ್ಟೆ ಅವಳ ಎದೆಗೆ ಬಂತು. ಇಂದ್ರಾಬಾಯಿ ಅದನ್ನು ನೋಡಿದಳು, ಇವಳ ಮುಖ ನೋಡಿದಳು, ಮೀನಿನ ಬುಟ್ಟಿ ಎತ್ತಿಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಆಗಸ್ಟಿನಲ್ಲಿ ವಿಮಾನ ಕಂಪನಿಯ ಆ ಜುಹುದ ಸಾಹೇಬ ದೂಜನ ಜಾಡು ಹಿಡಿದು ಸ್ವತಃ ಅಂಗಡಿಗೆ ಬಂದ. ಎತ್ತರದ ಪಾರ್ಸಿ ಮನುಷ್ಯ, ಕೊರಳಲ್ಲಿ ದಾರಕ್ಕೆ ಕಟ್ಟಿದ ಭೂತಗನ್ನಡಿ. ಅಮೆರಿಕಕ್ಕೆ ಕಳಿಸಿದ್ದರಲ್ಲಿ ಎರಡು ವಾಪಸು ಬಂದಿದ್ದವು. ಒಂದನ್ನು ಕಿಟಕಿಗೆ ಎತ್ತಿ ಹಿಡಿದ; ಬಿಸಿಲಿನಲ್ಲಿ ಆ ನೇರಳೆ ನೆರಳು ಎದ್ದು ಕಂಡಿತು.

"ಎರಡೇ ಪ್ರಶ್ನೆ," ಅಂದ ಹಿಂದಿಯಲ್ಲಿ. "ಇದನ್ನು ರಿಪೇರಿ ಮಾಡಿದವರು ಯಾರು? ಇದು ಯಾರದ್ದು?"

ಸದಾನಂದ ಸೋಮವ್ವನ ಕಡೆ ನೋಡಲಿಲ್ಲ. "ನಮ್ಮಲ್ಲಿ ಇಂಥ ಕೆಲಸ ಮಾಡುವುದಿಲ್ಲ ಸಾಹೇಬ್. ಶಾಲೆಯ ರಿಜಿಸ್ಟರ್ ಮಾತ್ರ."

"ರಿಪೇರಿ ಮಾಡಿದಾಕಿ ನಾನು," ಸೋಮವ್ವ ಎದ್ದು ನಿಂತಳು. ಮೊದಲು ಕನ್ನಡದಲ್ಲೇ ಬಂತು, ಆಮೇಲೆ ಹಿಂದಿಯಲ್ಲಿ ಹೇಳಿದಳು. ಟ್ರಂಕು, ನ್ಯೂಸ್‌ಪೇಪರು, ದಪ್ಪ ಕಾಗದದ ಸಹಿ, ಬಾವಿ, ಎಲ್ಲ. ಚೀಟಿಯನ್ನು ತೆಗೆದು ಅವನ ಕೈಗೆ ಕೊಟ್ಟಳು. ಪಕ್ಕದ ಬೋಲ್ಟಿನವರ ಮಷಿನ್ನೂ ಅಷ್ಟು ಹೊತ್ತು ನಿಂತಿತ್ತು.

ಸಾಹೇಬ ಭೂತಗನ್ನಡಿ ಹಿಡಿದು ಚೀಟಿಯನ್ನು ಕೊನೆಯ ಸಾಲಿನವರೆಗೆ ನೋಡಿದ. ಅವಳನ್ನು ತನ್ನ ಕಾರಿನಲ್ಲೇ ಪೊಲೀಸ್ ಠಾಣೆಗೆ ಕರೆದುಕೊಂಡು ಹೋದ. ಹೆಸರು ಉಳಿದ ಪುಸ್ತಕಗಳನ್ನು ಅಲ್ಲಿ ಒಪ್ಪಿಸಿದ.

ದೂಜನನ್ನು ವಿಚಾರಿಸಿದರು. ಪುಸ್ತಕ ಗೆಳೆಯ ಕೊಟ್ಟದ್ದು ಅಂದ. ಮನೆಯೂ ಗೆಳೆಯ ಬರೆದುಕೊಟ್ಟದ್ದೇ. ಕಾಗದ ಇತ್ತು, ಸಹಿ ಇತ್ತು. ಆಂಬ್ರೋಸನ ಬುದ್ಧಿಗೆ ಮಂಕು ಹಿಡಿದಿತ್ತು ಅಂತ ತಾವು ಕೇಳಿದ್ದೇವೆ ಎಂದು ಪಾದ್ರಿಗಳು ಹೇಳಿದರು. ರವಿವಾರ ಅಂಗಳದಲ್ಲಿ ಯಾರಿದ್ದರು ಅಂತ ಇಂದ್ರಾಬಾಯಿ ನೋಡಿರಲಿಲ್ಲ. ಕಳ್ಳತನದ ಕೇಸು ಮಾತ್ರ ನಿಂತಿತು, ಅದೂ ಎರಡು ವರ್ಷ ನಡೆದು ಸಾಕ್ಷಿ ಸಾಲದೆ ಬಿದ್ದುಹೋಯಿತು. ಕೋರ್ಟಿನಲ್ಲಿ ದೂಜನ ವಕೀಲ ಕೇಳಿದ್ದು ಒಂದೇ ಮಾತು: ಸ್ವಂತ ಕೈಯಿಂದ ಹೆಸರು ಕೆರೆದವಳ ಸಾಕ್ಷಿಯನ್ನು ಹೇಗೆ ನಂಬುವುದು? ಸೋಮವ್ವ ಕೆರೆದದ್ದು ಹೌದು ಅಂದಳು.

ಸದಾನಂದ ಅವಳನ್ನು ಕೆಲಸದಿಂದ ಬಿಡಿಸಿದ. ಸಿಟ್ಟಿನಿಂದಲ್ಲ; ಹೆದರಿಕೆಯಿಂದ. ಆರು ತಿಂಗಳು ಮನೆಯಲ್ಲಿ ಕೂತಳು. ಆಮೇಲೆ ವಿನೋದಿನಿ ಅಂಧೇರಿಯ ಒಂದು ಶಾಲೆಯ ಲೈಬ್ರರಿಯಲ್ಲಿ ಪುಸ್ತಕ ರಿಪೇರಿಗೆ ಸೇರಿಸಿದಳು. ಅಲ್ಲಿ ಸೋಮವ್ವ ತೇಪೆಗಳನ್ನು ಬಿಳಿ ಕಾಗದದಲ್ಲೇ ಹಾಕುತ್ತಿದ್ದಳು, ದೂರದಿಂದಲೇ ಕಾಣುವ ಹಾಗೆ. ಹೆಡ್‌ಮಾಸ್ತರರು ಒಮ್ಮೆ ಇದು ಅಂದವಾಗಿಲ್ಲ ಅಂದರು. "ಹೌದ್ರಿ, ಅಂದ ಇಲ್ಲ," ಅಂದಳೇ ಹೊರತು ಬದಲಾಯಿಸಲಿಲ್ಲ.

ಕೇಸು ಬಿದ್ದುಹೋದ ವರ್ಷ, ಒಂದು ಸಂಜೆ, ಅಂಧೇರಿ ಸ್ಟೇಶನ್ನಿನ ಸೇತುವೆಯ ಮೇಲೆ ಜನರ ನೂಕಾಟದಲ್ಲಿ ಯಾರೋ ಅವಳ ಮಗ್ಗುಲಿಗೇ ಹೆಜ್ಜೆ ಹಾಕುತ್ತ ಬಂದರು. ಬಿಳಿ ಅಂಗಿ.

"ಆರಾಮಾ ಸೋಮಕ್ಕ?" ದೂಜನ ದನಿ ಹಿಂದಿನಷ್ಟೇ ಮೆದುವಾಗಿತ್ತು. "ಬಂಡೆಪ್ಪಣ್ಣನ ಕಾಲು ಹೇಗುಂಟು? ಇನ್ನೂ ಗೋರೆಗಾಂವಿನಲ್ಲೇ ಅಲ್ವಾ, ಹಿಂದಿನ ಗೇಟಿನ ಡ್ಯೂಟಿ? ಅಲ್ಲಿ ಲೈಟು ಕಡಿಮೆ. ಜೋಪಾನ ಅನ್ನಿ."

ಅವನು ಮೆಟ್ಟಿಲಿಳಿದು ಗುಂಪಿನಲ್ಲಿ ಸೇರಿಹೋದ.

ಮರುದಿನವೇ ಬಂಡೆಪ್ಪ ಆ ಕೆಲಸ ಬಿಟ್ಟ. ಅವರು ಖೋಲಿ ಖಾಲಿ ಮಾಡಿ ಸಾಮಾನು ಕಟ್ಟಿದರು. ಯಾವ ಕಡೆ ಹೋಗುತ್ತೇವೆ ಅಂತ ಚಾಳಿನಲ್ಲಿ ಯಾರಿಗೂ ಹೇಳಲಿಲ್ಲ, ವಿನೋದಿನಿಗೂ. ಅಂಧೇರಿಯ ಶಾಲೆಗೆ ಸೋಮವ್ವ ಮತ್ತೆ ಬರಲಿಲ್ಲ. ಹೊಲಿಗೆ ಅರ್ಧಕ್ಕೇ ನಿಂತ ಒಂದು ಭೂಗೋಳದ ಪುಸ್ತಕ, ದಬ್ಬಣ ಚುಚ್ಚಿದ್ದು ಚುಚ್ಚಿದ ಹಾಗೇ, ಬಹಳ ದಿನ ಲೈಬ್ರರಿಯ ಮೇಜಿನ ಮೇಲಿತ್ತು.